ಹೆದರಿಕೆಯ ಹದ

ದೆವ್ವಗಳಿಗೂ ಒಂದು ಪಂಚಾಂಗವಿದೆ. ಅಮೆರಿಕದ ದೆವ್ವಗಳಿಗೆ ಅಕ್ಟೋಬರ್ ಸುಗ್ಗಿಯ ತಿಂಗಳು. ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಅಸ್ಥಿಪಂಜರಗಳು ತೂಗುತ್ತವೆ, ಟಿವಿ ಚಾನೆಲ್‌ಗಳು ಹಳೆಯ ಹಾರರ್ ಚಿತ್ರಗಳನ್ನು ಹುಡುಕಿ ತೆಗೆದು ತೋರಿಸುತ್ತವೆ, ಪಾಳುಬಿದ್ದ ಕಟ್ಟಡಗಳ ಮುಂದೆ ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಸಾಲು ನಿಲ್ಲುತ್ತಾರೆ. 31ರ ಹ್ಯಾಲೋವೀನ್ ಮುಗಿಯಿತೋ, ಅದೇ ಅಸ್ಥಿಪಂಜರ ಮಾರನೆಯ ದಿನ ಅರ್ಧ ಬೆಲೆಗೆ. ಇಂಗ್ಲೆಂಡಿನ ದೆವ್ವಗಳು ಕ್ರಿಸ್‌ಮಸ್‌ಗೆ ಕಾಯುತ್ತವೆ. ಎಂ.ಆರ್. ಜೇಮ್ಸ್ ಎಂಬ ವಿದ್ವಾಂಸ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರನ್ನು ಕೂಡಿಸಿಕೊಂಡು ತಾನು ಬರೆದ ದೆವ್ವದ ಕಥೆ ಓದುತ್ತಿದ್ದ. 1971ರಿಂದ ಬಿಬಿಸಿ ಆ ಸಂಪ್ರದಾಯವನ್ನು ಟಿವಿಗೆ ತಂದಿತು. ಜಪಾನಿನಲ್ಲಿ ಮಾತ್ರ ಇದು ಬೇಸಿಗೆಯ ಬಾಬತ್ತು. ಪಿತೃಗಳು ಮನೆಗೆ ಬರುವ ಒಬೋನ್ ಹಬ್ಬ ಅದೇ ಕಾಲಕ್ಕೆ ಬರುತ್ತದೆ. ಹಿಂದೆ ಅಲ್ಲಿ ನೂರು ದೀಪ ಹಚ್ಚಿಟ್ಟು, ಒಂದೊಂದು ಕಥೆ ಮುಗಿದಾಗಲೂ ಒಂದೊಂದನ್ನು ಆರಿಸುತ್ತ ಹೋಗುವ ಆಟವಿತ್ತು. ಬೆನ್ನಲ್ಲಿ ಚಳಿ ಹುಟ್ಟಿದರೆ ಸೆಕೆ ಮರೆಯಬಹುದು ಎಂಬ ಲೆಕ್ಕಾಚಾರ.

ಈ ಪಂಚಾಂಗಕ್ಕೆ ಸೊಪ್ಪು ಹಾಕದ ಒಂದು ಪಂಗಡ ಎಲ್ಲ ದೇಶಗಳಲ್ಲೂ ಇದೆ. ಯುಗಾದಿಯ ಒಬ್ಬಟ್ಟು ಉಂಡು ಅಡ್ಡಾಗುವ ಮಧ್ಯಾಹ್ನಕ್ಕೂ, ಮದುವೆ ಮನೆಯಿಂದ ಸುಸ್ತಾಗಿ ಬಂದ ರಾತ್ರಿಗೂ ಇವರಿಗೊಂದು ದೆವ್ವದ ಚಿತ್ರ ಬೇಕು. ನಾನೂ ಈ ಪಂಗಡದವನೇ ಆದ್ದರಿಂದ ನಮ್ಮ ಮೇಲಿರುವ ಎರಡು ಆರೋಪಗಳು ನನಗೆ ಬಾಯಿಪಾಠವಾಗಿವೆ. ಒಂದು, ‘ನಿಮ್ಮ ಗುಂಡಿಗೆ ಗಟ್ಟಿ, ನಿಮಗೆ ಹೆದರಿಕೆಯೇ ಆಗುವುದಿಲ್ಲ.’ ಇನ್ನೊಂದು, ‘ನಿಮ್ಮ ತಲೆಯಲ್ಲೇ ಏನೋ ಐಬಿದೆ.’ ಮೊದಲನೆಯದನ್ನು ಹೊಗಳಿಕೆಯಂತೆ ಹೇಳುತ್ತಾರೆ, ಎರಡನೆಯದನ್ನು ಕನಿಕರದಿಂದ. ವಿಜ್ಞಾನಿಗಳು ಈಚೆಗೆ ಕಲೆಹಾಕಿರುವ ಪುರಾವೆ ಎರಡನ್ನೂ ಒಪ್ಪುವುದಿಲ್ಲ. ನಮಗೂ ಎಲ್ಲರಷ್ಟೇ ಹೆದರಿಕೆಯಾಗುತ್ತದೆ. ಆ ಹೆದರಿಕೆಯನ್ನು ಎಷ್ಟಕ್ಕೆ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬ ಹದವನ್ನು ನಾವು ಕಲಿತುಕೊಂಡಿದ್ದೇವೆ, ಅಷ್ಟೆ. ಇನ್ನು ಐಬಿನ ಮಾತು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರ ಸಮೀಕ್ಷೆಯಲ್ಲಿ 72 ಶೇಕಡಾ ಜನ ಆರು ತಿಂಗಳಿಗೆ ಒಂದಾದರೂ ಹಾರರ್ ಚಿತ್ರ ನೋಡುತ್ತೇವೆ ಎಂದರು. ಮುಕ್ಕಾಲು ಪಾಲು ಜನರಿಗಿರುವುದನ್ನು ಐಬು ಎನ್ನುವುದು ಕಷ್ಟ.

ಮೊದಲು ಮೈಯ ಕಥೆ. 1942ರಲ್ಲಿ ಬಂದ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಒಬ್ಬಳು ಹೆಣ್ಣುಮಗಳು ಪಾರ್ಕಿನ ಪಕ್ಕದ ನಿರ್ಜನ ರಸ್ತೆಯಲ್ಲಿ ರಾತ್ರಿ ನಡೆದು ಹೋಗುತ್ತಿದ್ದಾಳೆ. ಹಿಂದಿನಿಂದ ಹೆಜ್ಜೆ ಸಪ್ಪಳ. ಸಪ್ಪಳ ನಿಲ್ಲುತ್ತದೆ. ಏನೋ ಮೇಲೆರಗುತ್ತದೆ ಎಂದು ನಾವು ಉಸಿರು ಬಿಗಿಹಿಡಿದಾಗ ಬುಸ್ಸೆಂದು ಅವಳ ಮುಂದೆ ಬಂದು ನಿಲ್ಲುವುದು ಒಂದು ಬಸ್ಸು! ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಲ್ಲಿ ಇಂಥ ದೃಶ್ಯಗಳನ್ನು ಸಿನಿಮಾದವರು ಇಂದಿಗೂ ‘ಲ್ಯೂಟನ್ ಬಸ್’ ಎನ್ನುತ್ತಾರೆ. ಬಸ್ಸು ನೋಡಿ ಕುರ್ಚಿಯಿಂದ ಎಗರುವ ನಮ್ಮ ಪ್ರತಿಕ್ರಿಯೆಗೆ ಯೋಚನೆಯ ಅಗತ್ಯವೇ ಇಲ್ಲ. ಹಠಾತ್ ಸದ್ದು ಕಿವಿಗೆ ಬಿದ್ದರೆ ಮಿದುಳಿನ ಕಾಂಡದಲ್ಲಿರುವ ಕೆಲವೇ ನರಕೋಶಗಳ ಅಡ್ಡದಾರಿಯಲ್ಲಿ ಸಂಕೇತ ಓಡಿ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಕತ್ತು ಕುಗ್ಗುತ್ತದೆ, ಭುಜ ಏರುತ್ತದೆ. ಎಷ್ಟೇ ಪಳಗಿದ ಅಭಿಮಾನಿಯಾದರೂ ಇದನ್ನು ತಡೆಯಲಾರ.

ಇದಕ್ಕಿಂತ ತುಸು ನಿಧಾನವಾಗಿ, ಇನ್ನೂ ಆಳದಲ್ಲಿ ಕೆಲಸ ಮಾಡುವುದು ಅಮಿಗ್ಡಲ, ಬಾದಾಮಿಯ ಆಕಾರದ ಜೋಡಿ ಗಂಟು. ನ್ಯೂಯಾರ್ಕಿನ ನರವಿಜ್ಞಾನಿ ಜೋಸೆಫ್ ಲೆಡೂ ಹೇಳಿದಂತೆ ಅದಕ್ಕೆ ಸುದ್ದಿ ಎರಡು ದಾರಿಗಳಲ್ಲಿ ಬರುತ್ತದೆ. ಒಂದು ಒರಟಾದ ಒಳದಾರಿ, ಬೇಗ ಮುಟ್ಟುತ್ತದೆ. ಇನ್ನೊಂದು ಮಿದುಳಿನ ಹೊರಪದರವನ್ನು ಬಳಸಿ, ವಿವರಗಳನ್ನು ಪರಿಶೀಲಿಸಿಕೊಂಡು ಬರುವ ದೂರದ ದಾರಿ. ಮೊದಲ ದಾರಿ ‘ಓಡು’ ಎನ್ನುವಷ್ಟರಲ್ಲಿ ಎರಡನೆಯದು ‘ಕೂತಿರು, ಇದು ಸಿನಿಮಾ’ ಎನ್ನುತ್ತದೆ. ಅಮಿಗ್ಡಲವನ್ನು ‘ಭಯದ ಕೇಂದ್ರ’ ಎಂದು ಪತ್ರಿಕೆಗಳು ಕರೆಯತೊಡಗಿದಾಗ ಅದನ್ನು ಗಟ್ಟಿಯಾಗಿ ಅಲ್ಲಗಳೆದವರೂ ಲೆಡೂ ಅವರೇ. ಅದು ಅಪಾಯ ಗುರುತಿಸಿ ಮೈಯನ್ನು ಸಜ್ಜುಗೊಳಿಸುತ್ತದೆ. ‘ನನಗೆ ಭಯವಾಗುತ್ತಿದೆ’ ಎಂಬ ಅರಿವು ಬೇರೆಯೇ ಕಡೆ ಸಿದ್ಧವಾಗುತ್ತದೆ ಎಂಬುದು ಅವರ ವಾದ.

ಮೈ ಸಜ್ಜುಗೊಳ್ಳುವುದೆಂದರೆ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ರಕ್ತ ಕೂಡ ಸುಮ್ಮನಿರುವುದಿಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನ ವೈದ್ಯರು 24 ಆರೋಗ್ಯವಂತರಿಗೆ ‘ಇನ್ಸಿಡಿಯಸ್’ ಎಂಬ ಹಾರರ್ ಚಿತ್ರವನ್ನೂ ಶಾಂಪೇನ್ ತಯಾರಿಕೆಯ ಮೇಲಿನ ಒಂದು ಸಾಕ್ಷ್ಯಚಿತ್ರವನ್ನೂ ತೋರಿಸಿ, ಮುಂಚೆ ಮತ್ತು ಆಮೇಲೆ ರಕ್ತ ಪರೀಕ್ಷಿಸಿದರು. ರಕ್ತ ಹೆಪ್ಪುಗಟ್ಟಲು ಬೇಕಾದ ‘ಫ್ಯಾಕ್ಟರ್ 8’ ಎಂಬ ಪ್ರೋಟೀನು ಹಾರರ್ ನೋಡಿದಾಗ 57 ಶೇಕಡಾ ಜನರಲ್ಲಿ ಏರಿತ್ತು, ಶಾಂಪೇನ್ ನೋಡಿದಾಗ 14 ಶೇಕಡಾ ಜನರಲ್ಲಿ. ನಿಜವಾಗಿ ಯಾರ ರಕ್ತವೂ ಹೆಪ್ಪುಗಟ್ಟಲಿಲ್ಲ ಅನ್ನಿ. ಗಾಯವಾದರೆ ಇರಲಿ ಎಂದು ಮೈ ಮುಂಗಡ ತಯಾರಿ ಮಾಡಿಕೊಂಡಿತ್ತು. 2015ರ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಆ ಪತ್ರಿಕೆಯವರಿಗೆ ವರ್ಷಕ್ಕೊಮ್ಮೆ ತಮಾಷೆ ಮಾಡಲು ಪರವಾನಗಿ ಸಿಗುವುದು ಆಗಲೇ.

ಕಣ್ಣಿಗಿಂತ ಕಿವಿಯೇ ಹೆಚ್ಚು ಹೆದರುಪುಕ್ಕ. ಹಳೆಯ ಅಭಿಮಾನಿಗಳಿಗೆ ಇದು ಗೊತ್ತು: ತಡೆಯಲಾಗದಿದ್ದರೆ ಕಣ್ಣು ಮುಚ್ಚುವುದು ವ್ಯರ್ಥ, ದನಿ ತಗ್ಗಿಸಬೇಕು. ‘ಸೈಕೋ’ (1960) ಚಿತ್ರದ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಬರ್ನಾರ್ಡ್ ಹರ್ಮನ್ ಮಾಡಿಕೊಟ್ಟ ಕೀರಲು ಪಿಟೀಲುಗಳನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದ. ಆ ಪಿಟೀಲುಗಳ ಗುಟ್ಟು ಸಿಕ್ಕಿದ್ದು ಒಂದು ಅನಿರೀಕ್ಷಿತ ಜಾಗದಲ್ಲಿ. ಲಾಸ್ ಏಂಜಲೀಸ್‌ನ ಜೀವವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಕೊಲರಾಡೊ ಬೆಟ್ಟಗಳಲ್ಲಿ ಮಾರ್ಮಟ್ ಎಂಬ ದೊಡ್ಡ ಅಳಿಲುಜಾತಿಯ ಪ್ರಾಣಿಗಳನ್ನು ಹಿಡಿದು ಅಭ್ಯಾಸ ಮಾಡುತ್ತಿದ್ದರು. ಕೈಗೆ ಸಿಕ್ಕಿದ ಮರಿ ಕಿರುಚಿದಾಗ ಅದರ ಗಂಟಲು ಹಿಡಿತ ತಪ್ಪಿ ದನಿ ಒಡೆಯುತ್ತಿತ್ತು, ಗರಗರ ಸದ್ದು ಬೆರೆಯುತ್ತಿತ್ತು. ಕೇಳಿದವರಿಗೆ ಕಸಿವಿಸಿ. ಇದೇ ಜಾಡಿನಲ್ಲಿ ಹೊರಟು ಅವರು ಮತ್ತು ಜೊತೆಗಾರರು 102 ಚಲನಚಿತ್ರಗಳ ಧ್ವನಿಪಥಗಳನ್ನು ತಡಕಾಡಿದರು. ಹಾರರ್ ಚಿತ್ರಗಳಲ್ಲಿ ಇಂಥ ಒಡಕು ಕಿರುಚಾಟ ಸಹಜವಾಗಿ ಬರಬಹುದಾದ್ದಕ್ಕಿಂತ ಹೆಚ್ಚಾಗಿ ಸಿಕ್ಕಿತು. 2010ರಲ್ಲಿ ಈ ಲೇಖನ ಹೊರಬಂತು. ಐದು ವರ್ಷದ ನಂತರ ಲ್ಯೂಕ್ ಆರ್ನಲ್ ಮತ್ತು ಡೇವಿಡ್ ಪೋಪೆಲ್ ಮನುಷ್ಯರ ಚೀತ್ಕಾರವನ್ನೇ ಅಳೆದರು. ಮಾತಾಡುವಾಗ ನಮ್ಮ ದನಿಯ ಜೋರು ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಚೀತ್ಕಾರದಲ್ಲಿ ಅದು 30ರಿಂದ 150 ಸಲ. ಅಮಿಗ್ಡಲ ಕೆರಳುವುದು ಆ ಒರಟುತನಕ್ಕೆ. ಕಾರಿನ ಅಲಾರಮ್ಮಿನ ಸದ್ದಿನಲ್ಲೂ ಇದೇ ಒರಟುತನವಿದೆ. ಸಂಗೀತಗಾರರು ಯಾವ ಗ್ರಾಫನ್ನೂ ನೋಡದೆ, ಬರೀ ಕಿವಿಯಿಂದ ಇದನ್ನು ಕಂಡುಕೊಂಡಿದ್ದರು ಎನ್ನುವುದು ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ಖುಷಿ ಕೊಟ್ಟ ಸಂಗತಿ.

ಹೀಗೆ ಮೈಯೆಲ್ಲ ಎಚ್ಚರಗೊಂಡು ‘ಅಪಾಯ, ಅಪಾಯ’ ಎನ್ನುತ್ತಿರುವಾಗ ಅದು ಹಿತವಾಗುವುದು ಹೇಗೆ? ಇದು ಹೊಸ ಪ್ರಶ್ನೆಯೇನೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕವೂ ಒಂದು ರಸ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ, ಶಾಕುಂತಲದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಪ್ರೇಕ್ಷಕನಿಗೆ ಆ ಭಯ ತಟ್ಟುತ್ತದೆ. ಆದರೆ ಅದು ಈ ಜಿಂಕೆಯ ಭಯವೂ ಅಲ್ಲ, ನನ್ನ ಭಯವೂ ಅಲ್ಲ, ದೇಶಕಾಲಗಳಿಂದ ಬಿಡಿಸಿಕೊಂಡ ಭಯ. ಹಾಗೆ ಬಿಡಿಸಿಕೊಂಡಿದ್ದರಿಂದಲೇ ಸವಿಯಲು ಬರುತ್ತದೆ ಎಂಬುದು ಅವನ ನಿಲುವು. ಇದರ ಇನ್ನೊಂದು ಮಗ್ಗುಲನ್ನು ಕರ್ನಾಟಕವೇ ಒದಗಿಸಿತು. 1990ರ ದಶಕದಲ್ಲಿ ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ ಜನ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದರು. ಬರೆದವರು ಯಾರೂ ಟಿಕೆಟ್ ಕೊಂಡಿರಲಿಲ್ಲ, ಅವರಿಗೆ ಅದರಲ್ಲಿ ಮಜಾ ಇರಲಿಲ್ಲ. ಅದೇ ಕಥೆಯ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ‘ಸ್ತ್ರೀ’ ಬಂದಾಗ ಥಿಯೇಟರಿನಲ್ಲಿ ಜನ ಕಿರುಚಿ ನಕ್ಕರು.

ಚೌಕಟ್ಟು ಬೇಕು ಎನ್ನುವುದು ಸರಿ. ಆದರೆ ಚೌಕಟ್ಟಿನೊಳಗೆ ಎಷ್ಟು ಭಯ? ಇದಕ್ಕೆ ಅಳತೆಗೋಲು ಹಿಡಿದು ಹೊರಟವರು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು. ಮನರಂಜನೆಯ ಭಯವನ್ನು ಅಧ್ಯಯನ ಮಾಡುವುದಕ್ಕೆಂದೇ ಅಲ್ಲಿ ಒಂದು ಪ್ರಯೋಗಾಲಯವಿದೆ. ಸಾಹಿತ್ಯದ ಕಡೆಯಿಂದ ಬಂದ ಮಥಿಯಾಸ್ ಕ್ಲಾಸೆನ್, ಆಟ ಮತ್ತು ಮಿದುಳಿನ ಬಗ್ಗೆ ಕೆಲಸ ಮಾಡುವ ಮಾರ್ಕ್ ಆಂಡರ್ಸನ್ ಅದರ ಮುಂದಾಳುಗಳು. ಪ್ರಯೋಗಾಲಯ ಎಂದರೂ ಇವರ ಮುಖ್ಯ ಕೆಲಸ ನಡೆಯುವುದು ವೈಲೆ ಎಂಬ ಊರಿನ ‘ಡಿಸ್ಟೋಪಿಯಾ’ ಎಂಬ ಭೂತ ಬಂಗಲೆಯಲ್ಲಿ. ನಮ್ಮ ಜಾತ್ರೆಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ ಐದು ನಿಮಿಷಕ್ಕೆ ಮುಗಿಯುವ ಭೂತ ಬಂಗಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಇಲ್ಲಿ 50ರಷ್ಟು ಕೋಣೆಗಳಿವೆ. ಒಳಗೆ ಹೊಕ್ಕವರ ಮೇಲೆ ಕತ್ತಲಿನಿಂದ ಜೊಂಬಿಗಳು ನುಗ್ಗುತ್ತವೆ. ಹಂದಿಯ ಮುಖವಾಡ ಹಾಕಿ ಗರಗಸದ ಯಂತ್ರ ಹಿಡಿದು ಅಟ್ಟಿಸಿಕೊಂಡು ಬರುವ ದೈತ್ಯನಿಗೆ ‘ಮಿಸ್ಟರ್ ಪಿಗ್ಗಿ’ ಎಂಬ ಮುದ್ದಾದ ಹೆಸರು.

110 ಜನರ ಎದೆಗೆ ಹೃದಯಬಡಿತ ಅಳೆಯುವ ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ಮುಖ್ಯವಾದ ಕೆಲವು ಜಾಗಗಳಲ್ಲಿ ಕ್ಯಾಮೆರಾ ಇತ್ತು. ಹೊರಗೆ ಬಂದವರನ್ನು ಎಷ್ಟು ಹೆದರಿದಿರಿ, ಎಷ್ಟು ಖುಷಿಯಾಯಿತು ಎಂದು ಕೇಳಿದರು. 2020ರಲ್ಲಿ ಪ್ರಕಟವಾದ ಫಲಿತಾಂಶವನ್ನು ಗ್ರಾಫಿನಲ್ಲಿ ಬರೆದರೆ ಒಂದು ದಿಬ್ಬ ಮೂಡುತ್ತದೆ. ಭಯ ಕಡಿಮೆಯಿದ್ದ ಕಡೆ ಖುಷಿ ಕಡಿಮೆ. ಭಯ ಏರಿದಂತೆ ಖುಷಿಯೂ ಏರಿ, ಒಂದು ನೆತ್ತಿ ಮುಟ್ಟಿ, ಭಯ ಇನ್ನೂ ಏರಿದರೆ ಖುಷಿ ಇಳಿಯತೊಡಗುತ್ತದೆ. ಎದೆಬಡಿತವೂ ಇದಕ್ಕೆ ಸಾಕ್ಷಿ ಹೇಳಿತು. ತುಂಬ ಹೆದರಿದೆ ಎಂದವರಲ್ಲಿ ಬಡಿತದ ದೊಡ್ಡ ಏರಿಳಿತಗಳು ಹೆಚ್ಚಿದ್ದವು. ಖುಷಿ ಉಕ್ಕಿದ್ದು ಚಿಕ್ಕ ಚಿಕ್ಕ ಏರಿಳಿತಗಳು ಅತಿಯೂ ಆಗದೆ, ಇಲ್ಲವೇ ಇಲ್ಲ ಎನ್ನುವಂತೆಯೂ ಆಗದೆ ಇದ್ದವರಲ್ಲಿ. ಆಂಡರ್ಸನ್ ಇದನ್ನು ಆಟದ ಲಕ್ಷಣ ಎಂದು ಓದುತ್ತಾರೆ. ಮುಖ ಮುಚ್ಚಿಕೊಂಡು ‘ಬೂ’ ಎಂದರೆ ಮಗು ಕೇಕೆ ಹಾಕುವುದೂ ಹೀಗೆಯೇ: ಮುಂದೇನು ಎಂದು ಊಹಿಸುವ ಮಿದುಳಿಗೆ ಸ್ವಲ್ಪವೇ ಸ್ವಲ್ಪ ತಪ್ಪಬೇಕು.

ಇದಕ್ಕಿಂತ ಒಂದು ವರ್ಷ ಮೊದಲು ಅದೇ ಬಂಗಲೆಯಲ್ಲಿ ಅವರು ಇನ್ನೊಂದು ಆಟ ಹೂಡಿದ್ದರು. ನನ್ನ ಪ್ರಕಾರ ವರ್ಷವಿಡೀ ಹಾರರ್ ನೋಡುವವರ ಗುಟ್ಟು ಬಯಲಾಗುವುದು ಇಲ್ಲಿ. ಒಳಗೆ ಹೋಗುವ 280 ಜನರಿಗೆ ಆಯ್ಕೆ ಕೊಟ್ಟರು: ಆದಷ್ಟು ಹೆಚ್ಚು ಹೆದರಲು ಪ್ರಯತ್ನಿಸುತ್ತೀರೋ, ಆದಷ್ಟು ಕಡಿಮೆ ಹೆದರಲು ಪ್ರಯತ್ನಿಸುತ್ತೀರೋ? ಹೆಚ್ಚು ಬೇಕೆಂದವರು ಇದೆಲ್ಲ ನಿಜ ಎಂದು ತಮ್ಮನ್ನು ನಂಬಿಸಿಕೊಂಡರು, ಗಂಟಲು ಬಿಟ್ಟು ಕಿರುಚಿದರು. ಕಡಿಮೆ ಸಾಕೆಂದವರು ‘ಇವನು ಸಂಬಳಕ್ಕೆ ಬಂದ ನಟ’ ಎಂದು ಜಪಿಸಿದರು, ಕಣ್ಣು ತಪ್ಪಿಸಿದರು, ಗೆಳೆಯರ ತೋಳು ಹಿಡಿದರು. ಮೊದಲ ಗುಂಪಿನ ಭಯ ಹೆಚ್ಚಿತ್ತು, ಎರಡನೆಯದರದು ಕಡಿಮೆಯಿತ್ತು. ಆದರೆ ಹೊರಬಂದ ಮೇಲೆ ಎರಡೂ ಗುಂಪಿನವರ ತೃಪ್ತಿ ಹೆಚ್ಚುಕಡಿಮೆ ಒಂದೇ. ಅಂದರೆ ಭಯದ ಪ್ರಮಾಣಕ್ಕೂ ತೃಪ್ತಿಗೂ ನೇರ ಸಂಬಂಧವಿರಲಿಲ್ಲ. ತನ್ನ ಗುರಿಗೆ ತಕ್ಕಂತೆ ಭಯವನ್ನು ಏರಿಸಿ ಇಳಿಸುವುದರಲ್ಲೇ ತೃಪ್ತಿ ಇತ್ತು. ಅಭಿಮಾನಿಗಳು ಮನೆಯಲ್ಲಿ ಮಾಡುವುದೂ ಇದನ್ನೇ. ದೀಪ ಆರಿಸಬೇಕೋ ಬೇಡವೋ, ಒಬ್ಬರೇ ನೋಡಬೇಕೋ ತಂಗಿಯನ್ನು ಕರೆಯಬೇಕೋ, ಇವತ್ತಿನ ಮನಸ್ಸಿಗೆ ರಾಮ್ಸೆ ಸೋದರರ ‘ಪುರಾನಾ ಮಂದಿರ್’ ಸಾಕೋ ಎದೆ ಹಿಂಡುವಂಥದ್ದು ಬೇಕೋ, ಎಲ್ಲಿ ತಡೆದು ಚಹಾಕ್ಕೆ ಏಳಬೇಕು... ಹೊರಗಿನವರಿಗೆ ಚಟದಂತೆ ಕಾಣುವುದರಲ್ಲಿ ಇಷ್ಟೊಂದು ಅಳೆದು ಸುರಿಯುವ ಕೆಲಸವಿದೆ.

ಹೆದರಿಕೆಯೇ ಇಲ್ಲದವರು ಹಾರರ್ ನೋಡಿದರೆ ಏನಾಗುತ್ತದೆ? ಇದಕ್ಕೂ ಉತ್ತರವಿದೆ. ವೈದ್ಯಸಾಹಿತ್ಯದಲ್ಲಿ ‘ಎಸ್.ಎಂ.’ ಎಂದಷ್ಟೇ ಹೆಸರಾದ ಅಮೆರಿಕದ ಮಹಿಳೆಯೊಬ್ಬರ ಎರಡೂ ಅಮಿಗ್ಡಲಗಳು ಉರ್ಬಾಕ್–ವೀಟೆ ಎಂಬ ಅಪರೂಪದ ಕಾಯಿಲೆಯಿಂದ ನಾಶವಾಗಿವೆ. ಜಸ್ಟಿನ್ ಫೈನ್‌ಸ್ಟೀನ್ ಮತ್ತು ಜೊತೆಗಾರರು ಅವರನ್ನು ಹಾವು ಮಾರುವ ಅಂಗಡಿಗೆ ಕರೆದೊಯ್ದರು. ಹಾವೆಂದರೆ ಇಷ್ಟವಿಲ್ಲ ಎನ್ನುತ್ತಿದ್ದ ಆಕೆ ಮೂರು ನಿಮಿಷಕ್ಕೂ ಮಿಕ್ಕಿ ಹಾವನ್ನು ಕೈಯಲ್ಲಿ ಹಿಡಿದು ಆಡಿಸಿದರು, ದೊಡ್ಡ, ಅಪಾಯಕಾರಿ ಹಾವುಗಳನ್ನೂ ಮುಟ್ಟಬಹುದೇ ಎಂದು ಕೇಳಿದರು. ಕೆಂಟಕಿಯ ಹಳೆಯ ಕ್ಷಯರೋಗದ ಆಸ್ಪತ್ರೆ ವೇವರ್ಲಿ ಹಿಲ್ಸ್‌ನಲ್ಲಿ ಹ್ಯಾಲೋವೀನ್ ಹೊತ್ತಿಗೆ ಹೂಡುವ ಭೂತ ಬಂಗಲೆಯಲ್ಲಿ ಗುಂಪಿಗೆಲ್ಲ ಮುಂದಾಗಿ ನಡೆದರು. ವೇಷ ಹಾಕಿ ಹೆದರಿಸಲು ಬಂದವನ ತಲೆಯನ್ನೇ ಮುಟ್ಟಿ ನೋಡಲು ಹೋಗಿ ಅವನನ್ನು ಬೆಚ್ಚಿಬೀಳಿಸಿದರು! ಹಾರರ್ ಚಿತ್ರಗಳ ತುಣುಕು ತೋರಿಸಿದಾಗ ಭಯ ಸೊನ್ನೆ. ಆದರೆ ಒಂದು ಚಿತ್ರದ ಹೆಸರು ಕೇಳಿಕೊಂಡರು, ವೀಡಿಯೊ ಅಂಗಡಿಯಿಂದ ಬಾಡಿಗೆಗೆ ತಂದು ಪೂರ್ತಿ ನೋಡಲು. ಭಯವಿಲ್ಲದ ಮಿದುಳಿಗೂ ಆ ಚಿತ್ರ ಬೇಕಾಯಿತು ಎಂದರೆ ಹಾರರ್‌ನ ಸೆಳೆತದಲ್ಲಿ ಭಯದ ಜೊತೆಗೆ ಕುತೂಹಲದ ಪಾಲೂ ಇದೆ, ಅದು ಬೇರೆಯೇ ತಂತುವಿನಲ್ಲಿ ಹರಿಯುತ್ತದೆ. ಎಸ್.ಎಂ. ಕಥೆಗೆ ಒಂದು ತಿರುವೂ ಇದೆ. 2013ರಲ್ಲಿ ವರದಿಯಾದ ಇನ್ನೊಂದು ಪ್ರಯೋಗದಲ್ಲಿ 35 ಶೇಕಡಾ ಕಾರ್ಬನ್ ಡೈ ಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಒಳಗೆಳೆದುಕೊಂಡಾಗ ಆಕೆ ದಿಗಿಲುಬಿದ್ದರು. ಹೊರಗಿನ ಹಾವು ದೆವ್ವಗಳಿಗೆ ಅಮಿಗ್ಡಲ ಬೇಕು, ಉಸಿರು ಕಟ್ಟುವ ಒಳಗಿನ ಅಪಾಯಕ್ಕೆ ಬೇಕಿಲ್ಲ.

ಕುತೂಹಲದ ಪಾಲನ್ನು ಬೇರೆ ಮಾಡಿ ಅಳೆಯಲು ಹೊರಟವರು ಕೋಲ್ಟನ್ ಸ್ಕ್ರಿವ್ನರ್. ಸಾವು, ಹಿಂಸೆ, ವಿಕಾರಗಳ ಬಗ್ಗೆ ಯಾರಿಗೆ ಎಷ್ಟು ತಿಳಿಯುವ ಹಂಬಲವಿದೆ ಎಂದು ಹೇಳುವ ಒಂದು ಪ್ರಶ್ನಾವಳಿಯನ್ನು ಅವರು ರೂಪಿಸಿದರು. 2020ರ ಆರಂಭದಲ್ಲಿ ಕೋವಿಡ್ ಹಬ್ಬುತ್ತಿದ್ದಾಗ, 2011ರಲ್ಲಿ ಬಂದ ‘ಕಂಟೇಜಿಯನ್’ ಎಂಬ ಸಾಂಕ್ರಾಮಿಕದ ಚಿತ್ರವನ್ನು ಜನ ಮುಗಿಬಿದ್ದು ನೋಡಿದ್ದು ನೆನಪಿರಬಹುದು. ಅದೇ ಏಪ್ರಿಲ್‌ನಲ್ಲಿ ಸ್ಕ್ರಿವ್ನರ್ ಮತ್ತು ಆರ್ಹುಸ್‌ನವರು 310 ಜನರನ್ನು ಮಾತಾಡಿಸಿದರು. ಹಾರರ್ ಪ್ರಿಯರಲ್ಲಿ ಮಾನಸಿಕ ತಳಮಳ ಕಡಿಮೆಯಿತ್ತು. ಜೊಂಬಿ, ಪ್ರಳಯದ ಚಿತ್ರಗಳನ್ನು ಮೆಚ್ಚುವವರು ತಾವು ಪರಿಸ್ಥಿತಿಗೆ ಹೆಚ್ಚು ಸಿದ್ಧರಾಗಿದ್ದೆವು ಎಂದರು. ಸುದ್ದಿಮನೆಗಳು ಇದನ್ನು ‘ಹಾರರ್ ನೋಡಿ, ಗಟ್ಟಿಯಾಗಿ’ ಎಂದು ಡಂಗುರ ಸಾರಿದವು. ಒಂದೇ ಸಲ, ಕೇಳಿ ತಿಳಿದ ಮಾಹಿತಿಯಿಂದ ಅಷ್ಟು ದೂರ ಹೋಗುವಂತಿಲ್ಲ. ಮೊದಲೇ ಗಟ್ಟಿಯಾಗಿರುವವರಿಗೆ ಹಾರರ್ ಹಿಡಿಸುತ್ತಿರಲೂಬಹುದು. ನಮ್ಮ ಪಂಗಡಕ್ಕೆ ಅನುಕೂಲವಾದ ಫಲಿತಾಂಶವಾದ್ದರಿಂದಲೇ ಇದನ್ನು ಇನ್ನಷ್ಟು ಅನುಮಾನದಿಂದ ನೋಡಬೇಕು.

ಪಿಟ್ಸ್‌ಬರ್ಗ್‌ನ ಸಮಾಜವಿಜ್ಞಾನಿ ಮಾರ್ಗೀ ಕರ್ ಮಾಡಿದ ಕೆಲಸ ಇದಕ್ಕಿಂತ ಸಣ್ಣದು, ಆದರೆ ನಮ್ಮ ಶುಕ್ರವಾರದ ರಾತ್ರಿಗಳಿಗೆ ಹತ್ತಿರದ್ದು. ಅಲ್ಲಿನ ‘ಸ್ಕೇರ್‌ಹೌಸ್’ನ ಅತಿ ಭೀಕರ ವಿಭಾಗಕ್ಕೆ ಟಿಕೆಟ್ ಕೊಂಡು ಬಂದ 262 ಜನರ ಮನಸ್ಥಿತಿಯನ್ನು ಒಳಹೋಗುವ ಮುಂಚೆ, ಹೊರಬಂದ ಮೇಲೆ ಕೇಳಲಾಯಿತು. ಕೆಲವರ ತಲೆಗೆ ವಿದ್ಯುದ್ವಾರ ಅಂಟಿಸಿ ಮಿದುಳಿನ ಅಲೆಗಳನ್ನೂ ಅಳೆದರು. ಹೆಚ್ಚಿನವರ ಮನಸ್ಸು ಹಗುರವಾಗಿತ್ತು. ದಣಿದು, ಬೇಸತ್ತು, ಒತ್ತಡದಲ್ಲಿ ಬಂದವರಿಗೆ ಲಾಭ ಹೆಚ್ಚು. ಮನಸ್ಸು ಹಗುರವಾದವರ ಮಿದುಳು ಆಮೇಲೆ ಕೊಟ್ಟ ಸಣ್ಣಪುಟ್ಟ ಕೆಲಸಗಳಿಗೆ ಮುಂಚಿನಷ್ಟು ಕೆರಳುತ್ತಿರಲಿಲ್ಲ. ಆಫೀಸಿನಲ್ಲಿ ಅರೆದು ಹಾಕಿಸಿಕೊಂಡು ಬಂದವರು ದೆವ್ವದ ಚಿತ್ರ ಹಾಕಿಕೊಂಡು ಕೂರುವುದಕ್ಕೆ ಮನೆಯವರು ಇನ್ನಾದರೂ ಮುಖ ಸಿಂಡರಿಸದಿರಲಿ.

ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳ ಅನುಭವವೇ ಪುರಾವೆ. ಅಮೆರಿಕದ ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೋನ್ ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರೈವತ್ತರಷ್ಟು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಸುಮಾರು 90 ಶೇಕಡಾ ಜನರಿಗೆ ಚಿಕ್ಕಂದಿನಲ್ಲಿ ಪರದೆಯ ಮೇಲೆ ನೋಡಿದ ಯಾವುದೋ ದೃಶ್ಯದ ಹೆದರಿಕೆ ಬಹುಕಾಲ ಉಳಿದಿತ್ತು. ಕಾಲು ಭಾಗದಷ್ಟು ಜನರಲ್ಲಿ ಅದು ಆ ವಯಸ್ಸಿಗೂ ಪೂರ್ತಿ ಹೋಗಿರಲಿಲ್ಲ. ದೊಡ್ಡವರು ಹಾಕಿಟ್ಟ ಚಿತ್ರದ ಮುಂದೆ ಕೂತ ಮಗುವಿಗೆ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದೂ ತಿಳಿದಿರುವುದಿಲ್ಲ. ಕಥೆ ಹೇಳುವ ಅಜ್ಜಿಯಾದರೆ ಮಗುವಿನ ಮುಖ ನೋಡುತ್ತಿರುತ್ತಾಳೆ. ತುಟಿ ಅದುರಿದರೆ ರಾಕ್ಷಸನಿಗೆ ಅಲ್ಲೇ ನಿದ್ದೆ ಬರಿಸುತ್ತಾಳೆ, ಕಣ್ಣು ಹೊಳೆದರೆ ಇನ್ನೂ ಎರಡು ಕೋರೆಹಲ್ಲು ಸೇರಿಸುತ್ತಾಳೆ. ಸಿನಿಮಾಕ್ಕೆ ಆ ಕಣ್ಣಿಲ್ಲ, ಎದುರು ಕೂತವರು ಯಾರೇ ಆಗಿರಲಿ ಅದೇ ಜಾಗಕ್ಕೆ ಅದೇ ಚೀತ್ಕಾರ.

ವೀಡಿಯೊ ಗೇಮ್‌ಗಳು ಈ ಕೊರತೆಯನ್ನು ತುಂಬಲು ನೋಡುತ್ತಿವೆ. 2008ರಲ್ಲಿ ಬಂದ ‘ಲೆಫ್ಟ್ 4 ಡೆಡ್’ ಎಂಬ ಜೊಂಬಿ ಆಟದಲ್ಲಿ ವಾಲ್ವ್ ಕಂಪನಿಯವರು ‘ನಿರ್ದೇಶಕ’ ಎಂಬ ಹೆಸರಿನ ಒಂದು ಪ್ರೋಗ್ರಾಮನ್ನು ಕೂರಿಸಿದರು. ಆಟಗಾರರಿಗೆ ಎಷ್ಟು ಪೆಟ್ಟು ಬಿತ್ತು, ಜೊಂಬಿಗಳು ಎಷ್ಟು ಸಮೀಪ ಬಂದವು ಎಂಬುದನ್ನು ನೋಡಿ ಅವರ ಮೇಲಿನ ಒತ್ತಡವನ್ನು ಅದು ಅಂದಾಜು ಮಾಡುತ್ತಲೇ ಇರುತ್ತದೆ. ಒತ್ತಡ ನೆತ್ತಿಗೇರಿತು ಎನ್ನಿಸಿದ ಕೂಡಲೇ ಹೊಸ ಜೊಂಬಿಗಳನ್ನು ಕಳಿಸುವುದನ್ನು ನಿಲ್ಲಿಸಿ, ಅರ್ಧ ನಿಮಿಷದ ಆಸುಪಾಸು ಬಿಡುವು ಕೊಟ್ಟು, ಮತ್ತೆ ಶುರುಮಾಡುತ್ತದೆ. 2015ರ ‘ನೆವರ್‌ಮೈಂಡ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಟಗಾರರ ಎದೆಬಡಿತವನ್ನೇ ಸೆನ್ಸರ್‌ನಿಂದ ಓದುತ್ತದೆ. ಆದರೆ ಅದರ ಧೋರಣೆ ಅಜ್ಜಿಯದಕ್ಕೆ ತದ್ವಿರುದ್ಧ: ನೀವು ಹೆದರಿದಷ್ಟೂ ಆಟ ಕಠಿಣವಾಗುತ್ತ ಹೋಗುತ್ತದೆ, ಉಸಿರು ತಹಬಂದಿಗೆ ಬಂದರಷ್ಟೇ ಸಡಿಲವಾಗುತ್ತದೆ.